ಬಂಗಾರದ ಬಣ್ಣದ ಕುರ್ಚಿಗಳು

ಬೆಳಗಿನಿಂದ ಶಹಾತಾ ಮನೆಯ ಮುಂದಿನ ಮಣ್ಣಿನ ಜಗಲಿಯ ಮೇಲೆ ಕೂತಿದ್ದ. ಒಳಗೆ ಕೂರಲಾಗದೆ ಹೊರಗೆ ಬಂದಿದ್ದ ಎನ್ನುವುದೇ ಸರಿ. ಒಳಗೆ ಅವನ ಹೆಂಡತಿ ನಗಾತ್ ಮನೆಯನ್ನು ಖಾಲಿ ಮಾಡುತ್ತಿದ್ದಳು. ಇದ್ದದ್ದೇ ಎಷ್ಟು, ಖಾಲಿ ಮಾಡುವುದಕ್ಕೆ? ಆದರೂ ಒಂದರ ಹಿಂದೆ ಒಂದು ಅವನ ಕಣ್ಣ ಮುಂದೆಯೇ ಹಾದುಹೋದವು. ಮೇಜಿನ ಫ್ಯಾನು. ಗುಲಾಬಿ ಚಿತ್ರದ ದಪ್ಪ ಕಂಬಳಿ. ಮದುವೆಯಲ್ಲಿ ಬಂದ ತಾಮ್ರದ ತಟ್ಟೆ. ಕೊನೆಗೆ ಮದುವೆಯ ಫೋಟೋವನ್ನೂ ಗೋಡೆಯಿಂದ ಇಳಿಸಿ ಎದೆಗವಚಿಕೊಂಡು ಬಂದಳು. "ಅದ್ಯಾಕೆ?" ಎಂದ. "ಚೌಕಟ್ಟು ಹೊಳೀತದೆ," ಎಂದಳು, ಅವನ ಮುಖ ನೋಡದೆ. ಎದುರು ಮನೆಯ ಹಾಜಾ ದೌಲತ್ ಸೊಂಟದ ಮೇಲೆ ಕೈಯಿಟ್ಟುಕೊಂಡು ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಳಗಿಡಿಸಿಕೊಳ್ಳುತ್ತಿದ್ದಳು. ಗಂಡ ಸತ್ತ ಮೇಲೆ ಬಾತುಕೋಳಿ ಸಾಕಿ, ಮಾರಿ, ಮಕ್ಕಾಗೂ ಹೋಗಿ ಬಂದ ಹೆಂಗಸು. "ಹೋದ ಸಲ ನನ್ನ ಮನೆಯಿಂದ ನಿನ್ನ ಮನೆಗೆ, ಈ ಸಲ ನಿನ್ನ ಮನೆಯಿಂದ ನನ್ನ ಮನೆಗೆ. ನನ್ನ ಸೊಂಟ ಮುರಿಯೋಕೇ ಹುಟ್ಟಿದೀಯ ನೋಡು ಶಹಾತಾ," ಎಂದು ಗಲ್ಲಿಗೆಲ್ಲ ಕೇಳುವಂತೆ ಅಂದಳು. ಗಲ್ಲಿ ನಕ್ಕಿತು. ಶಹಾತಾನೂ ನಕ್ಕ. ನಗದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಬಡವರ ನೆರವಿನ ಸರ್ಕಾರಿ ಕಚೇರಿಯ ಹುಡುಗಿ ಇವತ್ತು ಮತ್ತೆ ಬರುತ್ತಾಳೆ. ಮನೆ ನೋಡುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಕೈಯಲ್ಲಿರುವ ದೊಡ್ಡ ಫೋನಿನಂಥ ಕಪ್ಪು ಹಲಗೆಯ ಮೇಲೆ ಬೆರಳು ಒತ್ತುತ್ತಾಳೆ. ಆ ಬೆರಳಿನ ಮೇಲೆ ನಿಂತಿತ್ತು ಮಗಳು ರಿಹಾಬಳ ಶಾಲೆ. ಶಹಾತಾ ಗೋಡೆಗೆ ಒರಗಿ ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿದ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಕಾಲುವೆಯ ದಾರಿಯಲ್ಲಿ ಹೋಯಿತು. ಹೊಲಗಳ ಕಡೆಯಿಂದ ಬಿಸಿಲಿಗೆ ಒಣಹಾಕಿದ ಟೊಮ್ಯಾಟೊದ ಹುಳಿ ವಾಸನೆ ಬರುತ್ತಿತ್ತು. ಮೊದಲು ಈ ವಾಸನೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ, ಚಳಿಗಾಲ ಬಂದರೆ ಊರಿಗೂರೇ ಹಾಗೆ ನಾರುತ್ತದೆ. ಈಗ ಅದು ಮಗಳ ಬಟ್ಟೆಯಲ್ಲಿ, ಅವಳ ಹಾಸಿಗೆಯಲ್ಲಿ, ಅವಳು ಮುರಿದುಕೊಟ್ಟ ರೊಟ್ಟಿಯಲ್ಲಿ ಬರುತ್ತದೆ. ಅಗಲವಾದ ಪ್ಲಾಸ್ಟಿಕ್ ಹಾಳೆಗಳ ಮೇಲೆ ಟೊಮ್ಯಾಟೊ ಸೀಳಿ, ಉಪ್ಪು ಎರಚಿ, ಮಗುಚುವ ಕೆಲಸ. ಬೆಳಗಾಗುವ ಮೊದಲೇ ಪಿಕಪ್ ಗಾಡಿ ಬಂದು ಹುಡುಗಿಯರನ್ನು ತುಂಬಿಕೊಂಡು ಹೋಗುತ್ತದೆ. ಗಾಡಿಯ ಹಾರನ್ನು ಕೇಳಿದಾಗಲೆಲ್ಲ ಶಹಾತಾ ನಿದ್ದೆ ಬಂದವನಂತೆ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿರುತ್ತಿದ್ದ.

ಕಾರ್ಡು ನಡೆಯುತ್ತಿದ್ದ ಕಾಲದಲ್ಲಿ ಹೀಗಿರಲಿಲ್ಲ. ಸಮುದ್ರದಂಡೆಯ ಹೋಟೆಲಿನ ಗೋಡೆಗೆ ಗಿಲಾವು ಮಾಡುವಾಗ ಅವನು ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ನಗಾತ್ ಯಾರನ್ನೋ ಹಿಡಿದು ಅರ್ಜಿ ಹಾಕಿ ಬಡವರಿಗೆ ನೆರವು ಕೊಡುವ ಸರ್ಕಾರದ ಕಾರ್ಡು ಮಾಡಿಸಿಕೊಂಡಿದ್ದಳು. ದೊಡ್ಡ ದುಡ್ಡೇನಲ್ಲ. ಆದರೆ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು. ಅವನ ಕೂಲಿ ಎಂದೂ ಹಾಗೆ ಬಂದದ್ದಲ್ಲ. ಬಂದರೆ ಹಬ್ಬ, ಬರದಿದ್ದರೆ ಮೇಸ್ತ್ರಿಯ ಮನೆಯ ಬಾಗಿಲು. ತಪ್ಪದೆ ಬರುವ ದುಡ್ಡಿಗೆ ಬೇರೆಯೇ ಗತ್ತು ಇದೆ ಎಂದು ಅವನಿಗೆ ಆಮೇಲೆ ತಿಳಿಯಿತು. ಮಿನಿಬಸ್ಸಿನ ಡ್ರೈವರ್ ರಿಹಾಬಳನ್ನು ಇಡೀ ತಿಂಗಳು ಬಾಯಿ ತೆಗೆಯದೆ ಪೇಟೆಯ ಹೈಸ್ಕೂಲಿಗೆ ಕರೆದೊಯ್ದ. ಗಣಿತದ ಮೇಷ್ಟ್ರು ಸಂಜೆಯ ಪಾಠಕ್ಕೆ ಸೇರಿಸಿಕೊಂಡರು. ಚಳಿಗಾಲಕ್ಕೆ ಮುಂಚೆ ಬೂಟು ಬಂತು, ಚಳಿಗಾಲ ಮುಗಿದ ಮೇಲಲ್ಲ. ಮುಂದಿನ ತಿಂಗಳ ಬಗ್ಗೆ ಮಾತಾಡುವುದು ಆ ಮನೆಯಲ್ಲಿ ಹೊಸ ಅಭ್ಯಾಸ. ತಾಯಿ ಮಗಳಿಬ್ಬರೂ ದೀಪದ ಕೆಳಗೆ ಕೂತು ಅದನ್ನೇ ಮಾತಾಡುವಾಗ ಶಹಾತಾ ರೇಡಿಯೋ ತಿರುವುತ್ತಿದ್ದ. ಕಾರ್ಡಿನ ಮೇಲಿದ್ದದ್ದು ನಗಾತ್ ಹೆಸರು. ತಾಯಂದಿರಿಗೇ ಕೊಡುವುದಂತೆ. ಯಾರಿಗೆ ಕೊಟ್ಟರೆ ಮಕ್ಕಳಿಗೆ ಮುಟ್ಟುತ್ತದೆ ಎಂದು ಅವರಿಗೆ ಗೊತ್ತು ಎಂದು ದೌಲತ್ ಒಮ್ಮೆ ಅಂದಿದ್ದಳು. ದುಡ್ಡು ತೆಗೆಯುವ ದಿನ ಅವನೂ ಜೊತೆಗೆ ಪೇಟೆಗೆ ಹೋಗುತ್ತಿದ್ದ. ನಗಾತ್ ಹೆಂಗಸರ ಸಾಲಿನಲ್ಲಿ ಯಂತ್ರದ ಮುಂದೆ ನಿಂತರೆ ಅವನು ರಸ್ತೆಯ ಆಚೆ ಚಹಾ ಅಂಗಡಿಯ ಕಂಬದ ಹಿಂದೆ ನಿಲ್ಲುತ್ತಿದ್ದ. ಒಮ್ಮೆ ಜೊತೆಯಲ್ಲಿ ಗಾರೆ ಕೆಲಸ ಮಾಡಿದವನೊಬ್ಬ ಸಿಕ್ಕಿ, "ಅದು ನಿನ್ನ ಮನೆಯವರಲ್ವಾ?" ಎಂದಾಗ, "ಎಲ್ಲಿ?" ಎಂದಿದ್ದ. ಅದೇ ಹೊತ್ತಿಗೆ ನಗಾತ್ ತಿರುಗಿ ನೋಡಿದ್ದಳು. ಅಷ್ಟು ದೂರಕ್ಕೆ ಕೇಳಿಸಿರಲಿಕ್ಕಿಲ್ಲ. ಆದರೂ ಆವತ್ತು ವಾಪಸು ಬರುವಾಗ ಮಿನಿಬಸ್ಸಿನಲ್ಲಿ ಅವಳು ಅವನ ಪಕ್ಕ ಬಿಟ್ಟು ಬೇರೆ ಹೆಂಗಸರ ನಡುವೆ ಹೋಗಿ ಕೂತಳು.

ಕಾರ್ಡು ಇದ್ದವರ ಮನೆ ಪರೀಕ್ಷಿಸಲು ಕಚೇರಿಯ ಹುಡುಗಿ ಮೊದಲ ಸಲ ಬರುವ ಸುದ್ದಿ ಬಂದಾಗ ಅವನಿಗೆ ಹೊಳೆದದ್ದು ಒಂದೇ. ಓದಿದ ಹುಡುಗಿ, ಪೇಟೆಯವಳು, ನಮ್ಮ ಮನೆಗೆ ಬರುತ್ತಾಳೆ, ಎಲ್ಲಿ ಕೂರಿಸುವುದು? ಯಾತಕ್ಕೆ ಬರುತ್ತಾಳೆ ಎನ್ನುವುದು ತಲೆಯಲ್ಲಿ ನಿಲ್ಲಲೇ ಇಲ್ಲ. ಅತಿಥಿ ಎನ್ನುವ ಮಾತು ನಿಂತಿತು. ಮದುವೆಗೆ, ಸಾವಿಗೆ, ಹೆಣ್ಣು ನೋಡಲು ಬಂದವರಿಗೆ ಎದುರು ಮನೆಯ ಕುರ್ಚಿ ತರುವುದು ಗಲ್ಲಿಯಲ್ಲಿ ಎಲ್ಲರೂ ಮಾಡುವುದೇ. ಅವನು ದೌಲತ್ ಮನೆಗೆ ಹೋಗಿ, "ಹಾಜಾ, ಕುರ್ಚಿ ಕಳ್ಸು, ನಮ್ಮನೆಗೆ ಸರ್ಕಾರದೋರು ಬರ್ತಿದಾರೆ," ಎಂದು ಅವಳಿಗೇ ಉಪಕಾರ ಮಾಡುವವನಂತೆ ಹೇಳಿದ್ದ. ಬಂಗಾರದ ಬಣ್ಣದ ಕೆತ್ತನೆಯ ಕೈಗಳು, ಕೆಂಪು ಮಖಮಲ್ಲಿನ ಮೆತ್ತೆ, ಮೇಲೆ ಇನ್ನೂ ತೆಗೆಯದ ಪ್ಲಾಸ್ಟಿಕ್ಕು. ಕೆಳಗೆ ಹಾಸಲು ಜಮಖಾನೆಯನ್ನೂ ತಂದ. ಒಂದು ಬಾತುಕೋಳಿ ಕೊಯ್ಯಿಸಿದ. ನಗಾತ್ ಅಡುಗೆ ಮೂಲೆಯಿಂದ, "ಬೇಡ, ಇದೆಲ್ಲ ಯಾಕೆ," ಎಂದಳು, ಅವನು ಕೇಳಲಿಲ್ಲ. ಹುಡುಗಿ ಬಂದಳು, ಕುರ್ಚಿಯ ಮೇಲೆ ಕೂತಳು. ಚೆನ್ನಾಗಿದೆ, ನಿಮ್ಮದಾ ಎಂದು ಕೇಳಿದಳು. "ದೇವರು ಕೊಟ್ಟದ್ದು," ಎಂದ. ಮನೆ ಹೇಗೆ ನಡೀತಿದೆ ಚಿಕ್ಕಪ್ಪಾ, ಏನಾದರೂ ಕಷ್ಟ ಇದೆಯಾ ಎಂದು ಕೇಳಿದಳು. "ದೇವರ ದಯ, ಮರ್ಯಾದೆಯಾಗಿದೀವಿ, ಏನೂ ಕಡಿಮೆ ಇಲ್ಲ," ಎಂದ. ಅವನಪ್ಪ ಸಾಯುವ ಹಾಸಿಗೆಯಲ್ಲೂ ಕೇಳಿದವರಿಗೆ ಇದನ್ನೇ ಹೇಳಿದ್ದ. ಬೇರೆ ಉತ್ತರವೊಂದು ಇರಬಹುದು ಎಂದು ಶಹಾತಾಗೆ ಯಾರೂ ಕಲಿಸಿರಲಿಲ್ಲ. ಬಾತುಕೋಳಿಯನ್ನು ಹುಡುಗಿ ಮುಟ್ಟಲಿಲ್ಲ, ನಮಗೆ ತಿನ್ನೋ ಹಾಗಿಲ್ಲ ಎಂದಳು. ಅವನಿಗೆ ಅದೇ ದೊಡ್ಡ ಅವಮಾನವಾಗಿ ಕಂಡು ರಾತ್ರಿಯೆಲ್ಲ ಅದನ್ನೇ ಗೊಣಗಿದ. ಎರಡು ತಿಂಗಳ ಮೇಲೆ ಯಂತ್ರ ನಗಾತ್‌ಳ ಕಾರ್ಡನ್ನು ಉಗುಳಿತು, ದುಡ್ಡು ನಿಂತಿತ್ತು. ನಗಾತ್ ಮತ್ತೆ ಅರ್ಜಿ ಹಾಕಿದಳು.

ಜಗಲಿಯ ಮೇಲೆ ಕೂತವನಿಗೆ ಈಗ ಅಮ್ಮನ ನೆನಪು ಬಂತು. ಬರಬೇಕಾದದ್ದೇ, ಇಂಥ ದಿನ ಅವಳು ಬರದೆ ಇನ್ನು ಯಾವಾಗ ಬರುತ್ತಾಳೆ. ಅವನಿಗಿಂತ ಮುಂಚೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಅವನು ಹುಟ್ಟಿದಾಗ ಅವಳು ಬಾಣಂತನ ಮುಗಿಯುವ ಮೊದಲೇ ಎದ್ದು ಮನೆ ಮನೆಗೆ ಹೋಗಿ ಒಂದೊಂದು ಬಟ್ಟೆ ಚೂರು ಬೇಡಿ ತಂದು, ಅವನ್ನೇ ಜೋಡಿಸಿ ಹೊಲಿದು ಮೊದಲ ಅಂಗಿ ತೊಡಿಸಿದಳು. ಬೇಡಿ ತಂದ ಮಗುವಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂದು. ಹೆಸರನ್ನೂ ಹಾಗೆಯೇ ಇಟ್ಟಳು, ಶಹಾತಾ ಎಂದರೆ ಬೇಡಿ ತಂದವನು. ಊರಲ್ಲಿ ಇನ್ನೂ ಇಬ್ಬರು ಶಹಾತಾಗಳಿದ್ದರು, ಅವರ ಅಮ್ಮಂದಿರೂ ಬೇಡಿದವರೇ. ಬೇಡುವುದಕ್ಕೂ ಒಂದು ಕ್ರಮವಿತ್ತು, ಮನೆಯಲ್ಲಿ ಬಟ್ಟೆಯಿದ್ದೂ ಬೇಡಬೇಕು, ಹೊಸ್ತಿಲ ಹೊರಗೇ ನಿಂತು ಬೇಡಬೇಕು, ಒಳಗೆ ಕರೆದರೂ ಹೋಗಬಾರದು. ಒಳಗೆ ಹೋಗಿ ತಂದದ್ದು ಉಡುಗೊರೆಯಾಗುತ್ತದೆ, ಅದು ಕಾಯುವುದಿಲ್ಲ. ಆ ಅಂಗಿಯನ್ನು ಅವಳು ಸಾಯುವ ತನಕ ಇಟ್ಟುಕೊಂಡಿದ್ದಳು. ಬಣ್ಣ ಬಣ್ಣದ, ಒಂದಕ್ಕೊಂದು ಹೊಂದದ, ಅಂಗೈಯಗಲದ ಅಂಗಿ. ಚಿಕ್ಕವನಾಗಿದ್ದಾಗ ಜಗಳದಲ್ಲಿ ಹುಡುಗರು, "ನಿಮ್ಮಮ್ಮ ನಮ್ಮನೆ ಬಾಗಿಲಿಗೆ ಬಂದಿದ್ಳು ಕಣೋ," ಎಂದರೆ ಅವನು ಮನೆಗೆ ಓಡಿ ಬಂದು ಅವಳನ್ನು ಹೊಡೆಯುತ್ತಿದ್ದ. ಅವಳು ಹೊಡೆಸಿಕೊಂಡು ನಗುತ್ತಿದ್ದಳು. ಹೊಡೆಯುವಷ್ಟು ಬೆಳೆದೆಯಲ್ಲ, ಸಾಕು ಎನ್ನುತ್ತಿದ್ದಳು. ಅವಳಿಗೆ ನಾಚಿಕೆಯಾಗಲಿಲ್ಲವೇ? ಆಗಿರಬೇಕು. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಅವನು ಕೇಳಲಿಲ್ಲ.

ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಕಚೇರಿಯ ಹುಡುಗಿ ಬಂದಳು. ಹೋದ ಸಲದ ಅದೇ ಶರೀನ್, ಓದಿದವಳೆಂದು ಎಲ್ಲರೂ ಉಸ್ತಾಜಾ ಎಂದು ಕರೆಯುವವಳು. ಕಾಲುವೆಯ ದಾರಿಯಲ್ಲಿ ನಡೆದು ಬಂದ ಬೂಟಿನ ಮೇಲೆ ಧೂಳು, ಮುಖದಲ್ಲಿ ಹಸಿವು. ಶಹಾತಾ ಎದ್ದು ನಿಂತ. ಅವಳನ್ನು ಒಳಗೆ ಬಿಟ್ಟುಕೊಂಡು ತನ್ನ ಮನೆಯನ್ನು ತಾನೂ ನೋಡಿದ. ನಗಾತ್ ಚೆನ್ನಾಗಿಯೇ ಕೆಲಸ ಮಾಡಿದ್ದಳು. ಗೋಡೆಯ ಮೇಲೆ ಫೋಟೋ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಉಳಿದಿತ್ತು, ಅವನೇ ಕೈಯಾರೆ ಗಿಲಾವು ಮಾಡಿದ ಗೋಡೆ. ನೆಲದ ಮೇಲೆ ಒಂದು ಚಾಪೆ. ಓದಿದ ಹುಡುಗಿಯನ್ನು ನೆಲದ ಮೇಲೆ ಕೂರಿಸುವುದೇ? ತಡೆಯಲಾಗಲಿಲ್ಲ ಅವನಿಗೆ. ಮೂಲೆಯಲ್ಲಿದ್ದ ಟೊಮ್ಯಾಟೊದ ಖಾಲಿ ಪೆಟ್ಟಿಗೆಯನ್ನು ಮಗುಚಿ ಹಾಕಿ, ಹೆಗಲ ಮೇಲಿನ ಶಾಲನ್ನು ಮಡಿಸಿ ಅದರ ಮೇಲೆ ಹಾಸಿದ. ನಗಾತ್ ತುಟಿ ಕಚ್ಚಿದಳು. ಶಾಲು ಹೊಸದು.

"ಹೋದ ಸಲ ಇಲ್ಲಿ ಬಂಗಾರದ ಬಣ್ಣದ ಕುರ್ಚಿಗಳಿದ್ವಲ್ಲ ಚಿಕ್ಕಪ್ಪಾ," ಎಂದಳು ಶರೀನ್, ಕೂರುತ್ತ. "ಮಾರಿಬಿಟ್ರಾ?"

"ಅವು ನಮ್ಮವಲ್ಲ ತಾಯಿ," ಎಂದಳು ನಗಾತ್. "ಎದುರು ಮನೆಯವು."

"ಚಿಕ್ಕಪ್ಪ ಹಾಗೆ ಹೇಳ್ಲಿಲ್ಲ."

"ನನ್ನವು." ಬಾಗಿಲಲ್ಲಿ ದೌಲತ್, ಅವಳ ಹಿಂದೆ ಗಲ್ಲಿಯ ಅರ್ಧ ಹೆಂಗಸರು. "ಬೇಕಾದ್ರೆ ಬಂದು ಕೂತು ನೋಡು. ಒಂದರ ಕಾಲು ಅಲ್ಲಾಡ್ತದೆ, ಇವನ ಮನೇಲಿ ಒಂದಿನ ಇದ್ದು ಬಂದದ್ದಕ್ಕೆ. ನಾನು ಬಾಯಿ ಬಿಟ್ಟಿಲ್ಲ ಇಷ್ಟು ದಿನ."

ಶರೀನ್ ನಕ್ಕಳು. ಆಮೇಲೆ ಗೋಡೆಯ ಬಿಳಿ ಚೌಕದ ಕಡೆ ನೋಡಿದಳು, ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿ ಎನ್ನಿಸಿತು ಶಹಾತಾಗೆ. ಆವತ್ತು ಇರದ್ದನ್ನು ಇದೆ ಎಂದು ತೋರಿಸಿದೆ, ಇವತ್ತು ಇದ್ದದ್ದನ್ನು ಇಲ್ಲ ಎಂದು ತೋರಿಸುತ್ತಿದ್ದೇನೆ. ಎರಡು ಸಲವೂ ಈ ಹುಡುಗಿ ನನ್ನ ಮನೆಯನ್ನು ನೋಡಲೇ ಇಲ್ಲ. ಕೆಟ್ಟ ಕಾಲಿನ ಮೇಲೆ ಭಾರ ಹಾಕಿ ನಿಂತು, ನೋಯಲಿ ಎಂದುಕೊಂಡ.

"ಹೇಳಿ ಚಿಕ್ಕಪ್ಪಾ. ಮನೆ ಹೇಗೆ ನಡೀತಿದೆ?"

ಹೇಳಬೇಕಾದದ್ದನ್ನು ರಾತ್ರಿ ನಗಾತ್ ಬಾಯಿಪಾಠ ಮಾಡಿಸಿದ್ದಳು. ಸೊಂಟದ್ದು, ಔಷಧಿಯದ್ದು, ಕೂಲಿ ಇಲ್ಲದ್ದು. ಅವನು ಬಾಯಿ ತೆರೆದ. "ದೇವರ ದಯ," ಎಂದ. "ಮರ್ಯಾದೆಯಾಗಿದೀವಿ ಉಸ್ತಾಜಾ. ಏನೂ ಕಡಿಮೆ ಇಲ್ಲ."

ನಗಾತ್ ತೊಡೆಯ ಮೇಲೆ ಬಡಿದುಕೊಂಡಳು. "ಇವನ ನಾಲಿಗೆಗೆ ಲಕ್ವಾ ಹೊಡೀಲಿ. ಬರೀಬೇಡ ತಾಯಿ, ಅದನ್ನ ಬರೀಬೇಡ."

ಬರೆದಳೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲ ಹೆಂಗಸರು ದಾರಿ ಬಿಟ್ಟರು, ರಿಹಾಬ್ ಒಳಗೆ ಬಂದಳು. ಊಟದ ಬಿಡುವಿಗೆ ಬಂದವಳು. ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಇಳಿಸಿ, ಅಪರಿಚಿತಳನ್ನು ಕಂಡು, ಕೈಗಳನ್ನು ಅಂಗಿಯ ತೋಳೊಳಗೆ ಎಳೆದುಕೊಂಡಳು. ಆದರೂ ಬೆರಳ ತುದಿಗಳು ಕಂಡವು. ಉಪ್ಪು ತಿಂದು ಸಿಪ್ಪೆ ಎದ್ದ ಕೆಂಪು ಬೆರಳುಗಳು. ಅವಳ ಮೇಷ್ಟ್ರು ಒಮ್ಮೆ ಶಹಾತಾನನ್ನು ದಾರಿಯಲ್ಲಿ ನಿಲ್ಲಿಸಿ, ನಿಮ್ಮ ಮಗಳು ಲೆಕ್ಕ ಮಾಡುವಾಗ ಕೈ ನೋಡಬೇಕು, ಎಲ್ಲೂ ನಿಲ್ಲುವುದೇ ಇಲ್ಲ ಎಂದಿದ್ದರು. ಆ ಮಾತು ಕೇಳಿ ಅವನು ಎಷ್ಟೋ ದಿನ ಸುಮ್ಮನೆ ಆ ದಾರಿಯಲ್ಲೇ ಓಡಾಡಿದ್ದ, ಮತ್ತೆ ಸಿಗಬಹುದೇನೋ ಎಂದು.

"ನೀನಾ ರಿಹಾಬ್?" ಎಂದಳು ಶರೀನ್. "ಶಾಲೆಗೆ ಯಾಕೆ ಹೋಗ್ತಿಲ್ಲ? ಇನ್ನೊಂದು ವಾರ ಕಳೆದ್ರೆ ಹೆಸರು ಹೊಡೆದುಹಾಕ್ತಾರೆ, ಗೊತ್ತಲ್ವಾ?"

ರಿಹಾಬ್ ಪೆಟ್ಟಿಗೆಯನ್ನೂ ಅದರ ಮೇಲಿನ ಶಾಲನ್ನೂ ನೋಡಿದಳು. ಬಾಗಿಲ ಹೆಂಗಸರನ್ನು ನೋಡಿದಳು. ಕೊನೆಗೆ ಅಪ್ಪನನ್ನು ನೋಡಿದಳು, ಒಂದು ಕ್ಷಣ ಮಾತ್ರ.

"ನಂಗೆ ಓದೋಕೆ ಇಷ್ಟ ಇಲ್ಲ," ಎಂದಳು. "ನಾನೇ ಬಿಟ್ಟೆ. ಅಪ್ಪ ಹೋಗು ಅಂತಾರೆ, ನಾನೇ ಒಪ್ಪಲ್ಲ. ಮನೇಲಿ ಏನೂ ಕಡಿಮೆ ಇಲ್ಲ ಉಸ್ತಾಜಾ, ದೇವರ ದಯ."

ಅದೇ ಮಾತು. ಅದೇ ಎತ್ತಿದ ಗದ್ದ, ಮಾತು ಮುಗಿದ ಮೇಲೆ ತುಟಿ ಬಿಗಿಯುವ ಅದೇ ಬಿಗಿ. ಶಹಾತಾ ತನ್ನ ದನಿಯನ್ನು ಹುಡುಗಿಯೊಬ್ಬಳ ಬಾಯಲ್ಲಿ ಕೇಳಿದ. ಅವಳು ಸುಳ್ಳು ಹೇಳಿದ್ದು ಅವನನ್ನು ಉಳಿಸಲು. ಇಷ್ಟು ಜನರ ಮುಂದೆ ಅಪ್ಪ ಸಣ್ಣವನಾಗಬಾರದು ಎಂದು ತನ್ನ ಶಾಲೆಯನ್ನೇ ತೆಗೆದು ಆ ಶಾಲಿನ ಹಾಗೆ ಹಾಸಿಬಿಟ್ಟಳು. ಇದನ್ನು ಇವಳಿಗೆ ಯಾರು ಕಲಿಸಿದರು? ಗಣಿತದ ಮೇಷ್ಟ್ರಲ್ಲ. ನಾಚಿಕೆ ಎಂದರೆ ಇಷ್ಟು ದಿನ ಜನ ನೋಡುವುದು ಎಂದು ತಿಳಿದಿದ್ದ. ಕಂಬದ ಹಿಂದೆ ನಿಂತರೆ, ಗೋಡೆಗೆ ಮುಖ ಮಾಡಿ ಮಲಗಿದರೆ ತಪ್ಪಿಸಿಕೊಳ್ಳಬಹುದು ಎಂದು ತಿಳಿದಿದ್ದ. ಇದು ಬೇರೆ ನಾಚಿಕೆ. ಇದನ್ನು ಯಾರೂ ನೋಡುತ್ತಿರಲಿಲ್ಲ, ಅವನೊಬ್ಬನೇ ನೋಡುತ್ತಿದ್ದ. ಅಮ್ಮ ಹಸಿ ಮೈಯಲ್ಲಿ ಊರವರ ಹೊಸ್ತಿಲುಗಳಲ್ಲಿ ನಿಂತದ್ದು ಮಗು ಉಳಿಯಲಿ ಎಂದು. ಅವನು ಮರ್ಯಾದೆ ಉಳಿಯಲಿ ಎಂದು ಮಗಳನ್ನು ಉಪ್ಪಿಗೆ ಹಾಕಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಸುಳ್ಳು," ಎಂದ.

ಎಲ್ಲರೂ ಅವನತ್ತ ತಿರುಗಿದರು.

"ಸುಳ್ಳು ಹೇಳ್ತಾಳೆ ಉಸ್ತಾಜಾ. ನನ್ನಿಂದ ಕಲಿತಿದಾಳೆ. ಅವಳಿಗೆ ಓದೋದು ಅಂದ್ರೆ ಪ್ರಾಣ. ಬಸ್ಸಿಗೆ ಕೊಡೋಕೆ ನನ್ನ ಹತ್ರ ಇಲ್ಲ. ಮೇಷ್ಟ್ರಿಗೆ ಕೊಡೋಕೆ ಇಲ್ಲ. ಇವಳು ದುಡಿದು ತಂದದ್ರಲ್ಲಿ ನಾನು ಊಟ ಮಾಡ್ತೀನಿ."

"ಅಪ್ಪಾ, ಸಾಕು," ಎಂದಳು ರಿಹಾಬ್.

"ಫ್ಯಾನ್ ಇದೆ. ಕಂಬಳಿ ಇದೆ, ತಾಮ್ರದ ತಟ್ಟೆ ಇದೆ. ಎಲ್ಲಾ ಎದುರು ಮನೇಲಿ ಬಚ್ಚಿಟ್ಟಿದೀವಿ, ಅದನ್ನೂ ಬರಕೊ. ಕುರ್ಚಿ ನಂದಲ್ಲ. ನಂಗೆ ಆ ದುಡ್ಡು ಬೇಕು. ಕೊಡಿ."

ಬಾಗಿಲಲ್ಲಿ ಯಾರೂ ನಗಲಿಲ್ಲ. ನಗಾತ್ ಗಂಡನ ಮುಖವನ್ನು, ಎಷ್ಟೋ ಕಾಲದ ಮೇಲೆ ನೋಡುವಂತೆ, ನೋಡಿದಳು. ರಿಹಾಬ್ ಮುಖದ ಬಟ್ಟೆಯನ್ನು ಮತ್ತೆ ಕಣ್ಣಿನ ತನಕ ಎಳೆದುಕೊಂಡು ಅಡುಗೆ ಮೂಲೆಗೆ ಹೋದಳು.

ಶರೀನ್ ತುಂಬ ಹೊತ್ತು ಬೆರಳು ಒತ್ತಿದಳು. "ಫ್ಯಾನು ಇದ್ರೆ ಯಾರೂ ಕಾರ್ಡು ಕಿತ್ಕೊಳಲ್ಲ ಚಿಕ್ಕಮ್ಮಾ," ಎಂದಳು ನಗಾತ್‌ಗೆ. ಬರೆಯುವುದನ್ನು ಬರೆದಿದ್ದೇನೆ, ತೀರ್ಮಾನ ಮಾಡುವವಳು ನಾನಲ್ಲ, ಆದರೆ ಆದೀತು ಎನ್ನಿಸುತ್ತದೆ, ಒಂದೆರಡು ತಿಂಗಳು ಹಿಡಿಯಬಹುದು ಎಂದಳು. ಆಮೇಲೆ ಪೆಟ್ಟಿಗೆಯಿಂದ ಎದ್ದು, "ಒಂದು ಮಾತು," ಎಂದಳು. "ಶಾಲೇಲಿ ಹೆಸರು ಇದ್ರೆ ಮಾತ್ರ ಇದು ನಡೆಯೋದು. ಹೆಸರು ಹೋದ್ರೆ ನಾನು ಬರೆದದ್ದೆಲ್ಲ ನೀರ ಮೇಲೆ ಬರೆದ ಹಾಗೆ. ನಾಳೆಯಿಂದಾನೇ ಕಳಿಸ್ಬೇಕು." ನಗಾತ್ ತಂದ ಚಹಾವನ್ನು ನಿಂತೇ ಕುಡಿದಳು, ತಳದ ಸಕ್ಕರೆಯ ತನಕ. ಹೋಗುವಾಗ ಶಾಲನ್ನು ಎತ್ತಿ ಕೊಡವಿ ಶಹಾತಾನ ಕೈಗೆ ಕೊಟ್ಟಳು.

ಹೆಂಗಸರು ಚದುರಿದರು. ದೌಲತ್ ಕೂಡ ಯಾವ ಮಾತೂ ಆಡದೆ ಮನೆಗೆ ಹೋದದ್ದು ಶಹಾತಾಗೆ ಬೈದದ್ದಕ್ಕಿಂತ ಹೆಚ್ಚಾಗಿ ನಾಟಿತು. ರಿಹಾಬ್ ಟೊಮ್ಯಾಟೊ ಹೊಲಕ್ಕೆ ಮರಳಲಿಲ್ಲ. ಬೋಗುಣಿಯ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಅವನು ಹತ್ತಿರ ಹೋಗಿ ನಿಂತ.

"ಅಷ್ಟೆಲ್ಲ ಹೇಳ್ಬೇಕಾಗಿರ್ಲಿಲ್ಲ," ಎಂದಳು, ತಲೆ ಎತ್ತದೆ. "ನಾಳೆ ಇವರೆಲ್ಲ ನನ್ನ ಹೇಗೆ ನೋಡ್ತಾರೆ?"

"ಗೊತ್ತಿಲ್ಲ ಮಗಾ."

"ನಾಳೆಯಿಂದ ಕಳಿಸ್ಬೇಕಂತೆ. ಬಸ್ಸಿಗೆ?"

ನಗಾತ್ ತಲೆಯ ಬಟ್ಟೆ ಸರಿಪಡಿಸಿಕೊಂಡು ಎದ್ದಳು. ಇಂಥ ಕೆಲಸಗಳಿಗೆ ಯಾವಾಗಲೂ ಏಳುವವಳು ಅವಳೇ. ಶಹಾತಾ, "ನೀನು ಕೂತ್ಕೊ," ಎಂದ.

ಗಲ್ಲಿ ಅಗಲವಾದದ್ದಲ್ಲ. ಕುರ್ಚಿ ಹೊತ್ತುಕೊಂಡು ಎಷ್ಟೋ ಸಲ ದಾಟಿದ್ದ. ಈಗ ಬರಿಗೈಯಲ್ಲಿ ಕೆಟ್ಟ ಕಾಲು ಎಳೆಯುತ್ತ ದಾಟುವಾಗ ಎರಡೂ ಕಡೆಯ ಜಗಲಿಗಳಲ್ಲಿ ಮಾತು ನಿಂತಿತು. ಬಿಸಿಲು ಇನ್ನೂ ಇತ್ತು, ಎಲ್ಲವೂ ಎಲ್ಲರಿಗೂ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಅವನಿಗೆ ಹಿಂದಕ್ಕೆ ಹೋಗಿಬಿಡಬೇಕು ಎನ್ನಿಸಿತು. ಹೋಗಲಿಲ್ಲ. ಕದ ತಟ್ಟಿದ.

"ಯಾರು?"

"ನಾನು, ಶಹಾತಾ."

"ಏನು, ಮತ್ತೆ ಕುರ್ಚಿ ಬೇಕಾ?"

"ಕುರ್ಚಿ ಬೇಡ ಹಾಜಾ. ರಿಹಾಬಳ ಬಸ್ಸಿಗೆ ದುಡ್ಡು ಬೇಕು. ಕಾರ್ಡು ಮತ್ತೆ ಶುರುವಾಗೋ ತನಕ."

ಒಳಗೆ ಚಪ್ಪಲಿಯ ಸದ್ದು ನಿಂತಿತು, ಮತ್ತೆ ಬಂತು. ಕದ ತೆರೆಯಿತು. ದೌಲತ್ ಅವನನ್ನು ನೋಡಿ, ಗಲ್ಲಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದಳು. "ಒಳಗೆ ಬಾರೋ ಮಾರಾಯ. ಎಲ್ಲರ ಎದುರಿಗೆ ಬಾಗಿಲಲ್ಲಿ ನಿಂತು ಕೇಳ್ತಾರಾ?"

"ಇಲ್ಲೇ ಕೇಳ್ತೀನಿ," ಎಂದ ಶಹಾತಾ.

ಗಲ್ಲಿಯ ಆಚೆ ಬಾಗಿಲಲ್ಲಿ ರಿಹಾಬ್ ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು. ನೋಡಲಿ ಎಂದು ಅವನು ಕೈ ಚಾಚಿದ.